ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್: ಕೊನೆಯ ಹಂತದ ತೊಡಕುಗಳು

ಕಾಲುವೆಯ ನೀರು ಮೇಲ್ಭಾಗದ ಜಮೀನುಗಳಿಗೆ ಹರಿದರೂ ಕೊನೆಯ ಭಾಗದ ರೈತನ ಗದ್ದೆಗೆ ತಲುಪದಿರುವುದು ನಮಗೆಲ್ಲ ತಿಳಿದ ವಿಷಯ. ಹಳ್ಳಿಗಳ ಇಂಟರ್ನೆಟ್ ಸಂಪರ್ಕದ ತೊಡಕೂ ಬಹುಮಟ್ಟಿಗೆ ಇದೇ ಬಗೆಯದು. ಪಹಣಿ, ಬೆಳೆ ಸಮೀಕ್ಷೆ, ಬೆಳೆ ವಿಮೆ ಮುಂತಾದ ಕೆಲಸಗಳು ಇಂದು ಇಂಟರ್ನೆಟ್ ಮೂಲಕ ನಡೆಯುತ್ತಿವೆ. ಆದ್ದರಿಂದ ಸಕಾಲದಲ್ಲಿ ಸಂಪರ್ಕ ದೊರೆಯದಿದ್ದರೆ ರೈತನಿಗೆ ನೇರವಾಗಿ ನಷ್ಟವುಂಟಾಗುತ್ತದೆ.

ಯೋಜನೆಯ ಹಿನ್ನೆಲೆ

ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಕೇಬಲ್ ಒದಗಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. 2015ರಿಂದ ಇದು ‘ಭಾರತ್‌ನೆಟ್’ ಎಂದು ಹೆಸರಾಗಿದೆ. ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ 2017ರ ಡಿಸೆಂಬರ್‌ನಲ್ಲಿ ಮುಗಿಯಿತು. ಆದರೆ ಪಂಚಾಯಿತಿ ಕಚೇರಿಗೆ ಕೇಬಲ್ ಬಂದ ಮಾತ್ರಕ್ಕೆ ಮನೆಮನೆಗೆ ಸಂಪರ್ಕ ಬಂದಂತಲ್ಲ.

ಮುಖ್ಯ ತೊಡಕುಗಳು

1. ಕೇಬಲ್ ತುಂಡಾಗುವುದು: ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಗಳಲ್ಲಿ ಬೆಳಕಿನ ರೂಪದಲ್ಲಿ ಮಾಹಿತಿ ಹರಿಯುತ್ತದೆ. ರಸ್ತೆ ಅಗಲೀಕರಣ, ನೀರಿನ ಪೈಪು ಹಾಕುವ ಕೆಲಸಗಳಲ್ಲಿ ಜೆಸಿಬಿ ತಗುಲಿದರೆ ಇವು ತುಂಡಾಗುತ್ತವೆ. ಒಂದೇ ದಾರಿಯಲ್ಲಿ ಬರುವ ಕೇಬಲ್ ಒಂದೆಡೆ ಕಡಿದರೆ ಅದರಾಚೆಯ ಎಲ್ಲ ಪಂಚಾಯಿತಿಗಳ ಸಂಪರ್ಕ ನಿಲ್ಲುತ್ತದೆ. 2023ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆಯಲ್ಲಿ ಕೇಬಲ್ಲನ್ನು ಉಂಗುರದಂತೆ ಜೋಡಿಸಲು ಗೊತ್ತುಪಡಿಸಿರುವುದು ಇದಕ್ಕಾಗಿಯೇ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ.

2. ವಿದ್ಯುತ್ ಅಭಾವ: ಕೇಬಲ್ಲಿಗೆ ವಿದ್ಯುತ್ ಬೇಡ, ಅದರ ಎರಡೂ ತುದಿಗಳ ಉಪಕರಣಗಳಿಗೆ ಬೇಕು. ಬ್ಯಾಟರಿ ಕೆಟ್ಟಿದ್ದರೆ, ಕರೆಂಟು ಹೋದೊಡನೆ ಸಂಪರ್ಕವೂ ಹೋಗುತ್ತದೆ.

3. ಚದುರಿದ ಮನೆಗಳು: ಬಯಲುಸೀಮೆಯಲ್ಲಿ ಮನೆಗಳು ಒತ್ತಾಗಿರುವುದರಿಂದ ಒಂದೇ ಮಾರ್ಗದಿಂದ ಹಲವರಿಗೆ ಸಂಪರ್ಕ ಕೊಡಬಹುದು. ಮಲೆನಾಡಿನ ಒಂಟಿ ಮನೆಗಳಿಗೆ ಉದ್ದನೆಯ ಕೇಬಲ್ ಎಳೆಯಬೇಕಾಗಿ, ಖರ್ಚು ಹೆಚ್ಚುತ್ತದೆ. ಗುಡ್ಡ ಹಾಗೂ ದಟ್ಟ ಮರಗಳು ನಿಸ್ತಂತು ಸಂಕೇತಕ್ಕೂ ಅಡ್ಡಿಯಾಗುತ್ತವೆ.

ಅನುಸರಿಸಬೇಕಾದ ಕ್ರಮಗಳು

ಅ) ರಸ್ತೆ ಬದಿಯಲ್ಲಿ ಅಗೆಯುವ ಮೊದಲು ಪಂಚಾಯಿತಿಗೆ ತಿಳಿಸಬೇಕು. ಗುತ್ತಿಗೆದಾರರು ಕೇಬಲ್ ಮಾಲೀಕರಿಗೆ ಮುನ್ಸೂಚನೆ ನೀಡಲೆಂದೇ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂದಿದೆ.

ಆ) ಪಂಚಾಯಿತಿಯ ಉಪಕರಣ ಮತ್ತು ಬ್ಯಾಟರಿ ನೋಡಿಕೊಳ್ಳುವ ಹೊಣೆ ಯಾರದೆಂದು ಗ್ರಾಮಸಭೆಯಲ್ಲಿ ಕೇಳಿ ತಿಳಿಯಬೇಕು.

ಇ) ಸಂಪರ್ಕ ನಿಂತ ದಿನಾಂಕ, ವೇಳೆ ಮತ್ತು ಸರಿಯಾದ ದಿನವನ್ನು ಪುಸ್ತಕದಲ್ಲಿ ಬರೆದಿಡಬೇಕು. ಬಾಯಿಮಾತಿನ ದೂರಿಗಿಂತ ಲಿಖಿತ ದೂರಿಗೆ ಬೆಲೆ ಹೆಚ್ಚು.

ಈ) ಬೆಳೆ ಸಮೀಕ್ಷೆಯನ್ನು ಕೊನೆಯ ದಿನದವರೆಗೆ ಮುಂದೂಡಬಾರದು. ಸಿಗ್ನಲ್ ಇರುವಲ್ಲಿ ಜಮೀನಿನ ವಿವರಗಳನ್ನು ಮೊದಲೇ ಇಳಿಸಿಕೊಂಡು, ಹೊಲದಲ್ಲಿ ಚಿತ್ರ ತೆಗೆದು, ಮತ್ತೆ ಸಿಗ್ನಲ್ ಇರುವ ಕಡೆ ಬಂದು ಕಳುಹಿಸಬೇಕು. ದಾಖಲಾದ ಬೆಳೆಗೂ ಹೊಲದಲ್ಲಿರುವ ಬೆಳೆಗೂ ತಾಳೆಯಾಗದಿದ್ದರೆ ವಿಮೆ ಪರಿಹಾರಕ್ಕೆ ತೊಂದರೆಯಾಗುತ್ತದೆ.

ಕಾಲುವೆ ತೋಡಿದ ಮೇಲೆ ಹೂಳೆತ್ತುವ ಕೆಲಸ ಪ್ರತಿವರ್ಷವೂ ಇದ್ದೇ ಇರುತ್ತದೆ. ಕೇಬಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ. ಹಾಕಿದವರು ಯಾರೇ ಆಗಿರಲಿ, ಕಾಯ್ದುಕೊಳ್ಳುವುದರಲ್ಲಿ ಊರಿನವರ ಪಾಲೂ ಇದೆ.