ರೇಡಿಯೇಟರ್ ಸೋರಿದರೆ ಏನು ಮಾಡಬೇಕು?

ಬೆಳೆಗಾರ ಬಂಧುಗಳೇ, ಹಾಸನ, ಅರಕಲಗೂಡು ಕಡೆಯ ನಾವು ಮಂಗಳೂರಿನಿಂದ ಮರಳುತ್ತಾ ಶಿರಾಡಿ ಘಾಟಿ ಹತ್ತುವಾಗ ರೇಡಿಯೇಟರ್ ಬರಿದಾದರೆ ಎಂಜಿನ್ನೇ ಹಾಳಾದೀತು. ಸೋರಿಕೆಯನ್ನು ಮನೆಯಂಗಳದಲ್ಲಿಯೇ ಪತ್ತೆ ಹಚ್ಚೋಣ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಬೇಕು. ವಾಹನದಡಿ ಬಣ್ಣದ ತೇವವಿದ್ದರೆ ಸಡಿಲವಾದ ಕ್ಲಿಪ್ಪನ್ನು ಬಿಗಿಯುವುದು, ಬಿರುಕುಬಿಟ್ಟ ಹೋಸ್ ಪೈಪನ್ನು ಬದಲಿಸುವುದು. ವಾಟರ್ ಪಂಪು ಸೋರಿದರೆ ಹೊಸದೇ ಬೇಕು. ಹೊರಗೆ ತೇವವಿಲ್ಲದೆ ಮಟ್ಟ ಇಳಿಯುತ್ತಾ, ಬಿಳಿ ಹೊಗೆ ಬಂದು ಆಯಿಲ್ ಹಾಲಿನಂತಾದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಬೇಕು.

ಬಿಸಿಯಿದ್ದಾಗ ಮುಚ್ಚಳ ತೆಗೆಯಲೇಬಾರದು. ಒತ್ತಡದಲ್ಲಿ 100 ಡಿಗ್ರಿ ಮೀರಿ ಕಾದ ನೀರು ಮುಖಕ್ಕೆ ಚಿಮ್ಮೀತು. ಬೋರಿನ ಗಡಸು ನೀರು ಒಳಗೆ ಸುಣ್ಣ ಕಟ್ಟಿಸುತ್ತದೆ. ಕೂಲೆಂಟಿಗೆ ಬಟ್ಟಿ ಇಳಿಸಿದ ನೀರನ್ನೇ ಬೆರೆಸೋಣ. ನೆಲಕ್ಕೆ ಸೋರಿದ ಕೂಲೆಂಟ್ ಸಿಹಿ, ಆದರೆ ವಿಷ. ನಾಯಿ, ದನ ನೆಕ್ಕುವ ಮೊದಲೇ ಮರದ ಪುಡಿ ಹಾಕಿ ಬಳಿದು ತೆಗೆಯೋಣ.