ಹಿಡುವಳಿಗಳ ಸಂಚಿತ ಸಂಖ್ಯೆಯ ನಕ್ಷೆ

ಕೆರೆಯ ಹೂಳೆತ್ತುವುದಕ್ಕೆ ವಂತಿಗೆಯನ್ನು ಗೊತ್ತುಮಾಡುವಾಗ ಗ್ರಾಮದ ಮುಖಂಡರು ಸಾಮಾನ್ಯವಾಗಿ ಸರಾಸರಿ ಹಿಡುವಳಿಯನ್ನು ವಿಚಾರಿಸುವುದುಂಟು. ಸರಾಸರಿಯೊಂದನ್ನೇ ನಂಬಿದಲ್ಲಿ ಸಣ್ಣ ಹಿಡುವಳಿದಾರರಿಗೆ ಅನ್ಯಾಯವಾಗುವ ಸಂಭವವಿದೆ. ಈ ದೋಷವನ್ನು ಕಣ್ಣಿಗೆ ಕಾಣುವಂತೆ ಮಾಡುವ ಸಾಧನವೇ ಸಂಚಿತ ಸಂಖ್ಯೆಯ ನಕ್ಷೆ. ಶಾಲೆಯ ಪಾಠಗಳಲ್ಲಿ ಇದನ್ನು ಸಂಚಿತ ಆವೃತ್ತಿ ನಕ್ಷೆಯೆಂದು ಕರೆಯುವರು.

ಪಟ್ಟಿಯ ಕ್ರಮ.— 80 ಹಿಡುವಳಿಗಳುಳ್ಳ ಒಂದು ಗ್ರಾಮವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಪಹಣಿಯನ್ನು ನೋಡಿ ಹಿಡುವಳಿಗಳನ್ನು ವಿಸ್ತೀರ್ಣದ ಮೇರೆಗೆ ವಿಂಗಡಿಸತಕ್ಕದ್ದು. ಒಬ್ಬರಿಗೆ ಹಲವು ಸರ್ವೆ ನಂಬರುಗಳಿದ್ದರೆ ಅವನ್ನೆಲ್ಲ ಕೂಡಿಸಿ ಒಂದೇ ಹಿಡುವಳಿಯೆಂದು ಎಣಿಸಬೇಕು. ಅನಂತರ ಪ್ರತಿಯೊಂದು ವರ್ಗದ ಸಂಖ್ಯೆಯನ್ನು ಹಿಂದಿನ ಮೊತ್ತಕ್ಕೆ ಸೇರಿಸುತ್ತ ಬರಬೇಕು.

ವಿಸ್ತೀರ್ಣ (ಎಕರೆ) — ಹಿಡುವಳಿಗಳು — ಸಂಚಿತ ಸಂಖ್ಯೆ
1ರ ಒಳಗೆ — 12 — 12
1ರಿಂದ 2ರ ಒಳಗೆ — 20 — 32
2ರಿಂದ 3ರ ಒಳಗೆ — 16 — 48
3ರಿಂದ 5ರ ಒಳಗೆ — 16 — 64
5ರಿಂದ 10ರ ಒಳಗೆ — 12 — 76
10ರಿಂದ 20ರ ಒಳಗೆ — 4 — 80

ನಕ್ಷೆಯ ರಚನೆ.— ಚೌಕದ ಗೆರೆಗಳುಳ್ಳ ಕಾಗದದ ಮೇಲೆ ಅಡ್ಡಗೆರೆಯಲ್ಲಿ ಎಕರೆಗಳನ್ನೂ ನಿಲುಗೆರೆಯಲ್ಲಿ ಸಂಚಿತ ಸಂಖ್ಯೆಯನ್ನೂ ಸಮಾನ ಅಳತೆಯ ಅಂತರದಲ್ಲಿ ಗುರುತಿಸಬೇಕು. ಚುಕ್ಕೆಯನ್ನು ವರ್ಗದ ಮಧ್ಯಕ್ಕೆ ಇಡದೆ ಅದರ ಮೇಲಿನ ಮಿತಿಯ ನೇರಕ್ಕೇ ಇಡತಕ್ಕದ್ದು. 1 ಎಕರೆಯ ನೇರಕ್ಕೆ 12, 2 ಎಕರೆಯ ನೇರಕ್ಕೆ 32 ಎಂಬಂತೆ. ಸೊನ್ನೆಯಿಂದ ಆರಂಭಿಸಿ ಚುಕ್ಕೆಗಳನ್ನು ಕೂಡಿಸಿದರೆ ನಕ್ಷೆಯು ಸಿದ್ಧವಾಗುವುದು. ಈ ಗೆರೆಯು ಎಂದಿಗೂ ಕೆಳಗಿಳಿಯುವುದಿಲ್ಲ; ಇಳಿದರೆ ಕೂಡಿಸುವುದರಲ್ಲಿ ತಪ್ಪಿದೆಯೆಂದು ತಿಳಿಯತಕ್ಕದ್ದು. ಗೆರೆಯು ಕಡಿದಾಗಿ ಏರುವಲ್ಲಿ ಹಿಡುವಳಿದಾರರು ದಟ್ಟವಾಗಿರುವರು. ಮಂದವಾಗಿ ಸಾಗುವಲ್ಲಿ ವಿರಳವಾಗಿರುವರು.

ಓದುವ ವಿಧ.— ನಿಲುಗೆರೆಯ 40ರಿಂದ ಅಡ್ಡಲಾಗಿ ಸಾಗಿ, ನಕ್ಷೆಯನ್ನು ಮುಟ್ಟಿದೆಡೆಯಿಂದ ಕೆಳಗಿಳಿದರೆ 2 ಎಕರೆ 20 ಗುಂಟೆ ದೊರೆಯುವುದು. ಅರ್ಧದಷ್ಟು ಹಿಡುವಳಿಗಳು ಇದಕ್ಕಿಂತ ಚಿಕ್ಕವು. ಆದರೆ ವರ್ಗಗಳ ಮಧ್ಯದ ವಿಸ್ತೀರ್ಣವನ್ನು ಹಿಡಿದು ಎಣಿಸಿದರೆ ಒಟ್ಟು 290 ಎಕರೆ, ಸರಾಸರಿ 3 ಎಕರೆ 25 ಗುಂಟೆ. ಈ ವಿಸ್ತೀರ್ಣದಿಂದ ಮೇಲಕ್ಕೆ ನೋಡಿದರೆ ನಕ್ಷೆಯು ಸುಮಾರು 53ನ್ನು ತೋರಿಸುವುದು. ಎಂದರೆ, ಸರಾಸರಿಯನ್ನು ನೋಡಿ ಎಲ್ಲರಿಗೂ ಸಮನಾದ ವಂತಿಗೆಯನ್ನು ಹಾಕಿದಲ್ಲಿ 80ರಲ್ಲಿ 53 ಮಂದಿ ತಮಗಿಲ್ಲದ ಭೂಮಿಗೂ ತೆತ್ತಂತಾಗುವುದು. ಎಕರೆವಾರು ವಂತಿಗೆಯೇ ಇಲ್ಲಿ ನ್ಯಾಯವಾದುದು.

ಈ ಸ್ಥಿತಿಯು ಒಂದು ಗ್ರಾಮಕ್ಕೆ ಮಾತ್ರ ಸೇರಿದುದಲ್ಲ. 2010–11ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಹಿಡುವಳಿಗಳಲ್ಲಿ ನೂರಕ್ಕೆ ಸುಮಾರು 76ರಷ್ಟು 2 ಹೆಕ್ಟೇರಿಗಿಂತ, ಎಂದರೆ ಸುಮಾರು 5 ಎಕರೆಗಿಂತ, ಚಿಕ್ಕವಾಗಿದ್ದುವು. ಅವುಗಳಿಗೆ ಸೇರಿದ ಭೂಮಿಯು ನೂರಕ್ಕೆ ಸುಮಾರು 40 ಭಾಗ ಮಾತ್ರ.

ಎಚ್ಚರಿಕೆ.— ತರಿಯ ಒಂದು ಎಕರೆಯೂ ಖುಷ್ಕಿಯ ಒಂದು ಎಕರೆಯೂ ಸಮಾನವಲ್ಲ. ಆದುದರಿಂದ ತರಿ, ಖುಷ್ಕಿ, ಬಾಗಾಯ್ತುಗಳಿಗೆ ಬೇರೆ ಬೇರೆ ಪಟ್ಟಿಗಳನ್ನೂ ನಕ್ಷೆಗಳನ್ನೂ ಬರೆದಿಟ್ಟುಕೊಂಡು, ವಂತಿಗೆಯನ್ನು ಗೊತ್ತುಮಾಡುವ ಮೊದಲು ಗ್ರಾಮಸಭೆಯ ಮುಂದಿಡುವುದು ಮುಖಂಡರಿಗೆ ಶ್ರೇಯಸ್ಕರ.