ಕೆಂಚನ ಭಯ, ನಿಮ್ಮ ಭಯ

ಪ್ರಶ್ನೆ: ನಾವಿರುವುದು ಸಿಯಾಟಲ್ ಹತ್ತಿರ. ನಮ್ಮನೆಯವರಿಗೆ ಹಾಯಿದೋಣಿಯ ಹುಚ್ಚು. ಜುಲೈನಲ್ಲಿ ನಮ್ಮ ನಾಯಿ ಕೆಂಚನನ್ನೂ ಕರೆದುಕೊಂಡು ಸ್ಯಾನ್ ವಾನ್ ದ್ವೀಪಗಳಿಗೆ ಹೋಗಿದ್ದೆವು. ಸೂಷಾ, ಫ್ರೈಡೇ ಹಾರ್ಬರ್, ಲೋಪೆಜ್, ಎಲ್ಲಿ ಇಳಿದರೂ ಕೆಂಚ ಕುಣಿದಾಡುತ್ತಿದ್ದ. ವಾಪಸ್ ಬರುವ ದಿನ ಮಧ್ಯಾಹ್ನ ಊಟ ಮುಗಿಸಿ ಲೋಪೆಜ್ ಬಿಟ್ಟೆವು. ವಾನ್ ಡಿ ಫ್ಯೂಕ ಜಲಸಂಧಿಯಲ್ಲಿ ಅಲೆಗಳು ದೋಣಿಯನ್ನು ಎತ್ತಿ ಎತ್ತಿ ಒಗೆದವು. ಕೆಂಚ ಕ್ಯಾಬಿನ್ನಿನ ಮೇಜಿನ ಕೆಳಗೆ ಮುದುರಿಕೊಂಡು ಒಂದೇ ಸಮ ಜೊಲ್ಲು ಸುರಿಸಿದ, ಅಲ್ಲೇ ಉಚ್ಚೆ ಮಾಡಿಕೊಂಡ. ನನಗೂ ಕೈಕಾಲು ಆಡುತ್ತಿರಲಿಲ್ಲ, ಅದೇನು ದೊಡ್ಡದಲ್ಲ. ಇವರು ಚುಕ್ಕಾಣಿ ಹಿಡಿದುಕೊಂಡು 'ಏನೂ ಆಗಲ್ಲ, ಸುಮ್ನಿರು' ಎಂದು ಕೂಗುತ್ತಲೇ ಇದ್ದರು. ಪೋರ್ಟ್ ಟೌನ್‌ಸೆಂಡ್ ಮುಟ್ಟುವವರೆಗೂ ಕೆಂಚನ ನಡುಕ ನಿಲ್ಲಲಿಲ್ಲ. ಇದಾಗಿ ಒಂದೂವರೆ ತಿಂಗಳಾಯಿತು. ಅವನು ಡಾಕ್ ಮೇಲೆ ಕಾಲಿಡುವುದಿಲ್ಲ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕಂಡರೆ ಸೋಫಾ ಹಿಂದೆ ಅಡಗುತ್ತಾನೆ. ಸೆಪ್ಟೆಂಬರಿನಲ್ಲಿ ಮತ್ತೆ ಹೋಗೋಣ ಅನ್ನುತ್ತಾರೆ ಇವರು. ಶಿವಮೊಗ್ಗದಿಂದ ಅತ್ತೆ ಫೋನಿನಲ್ಲಿ, 'ಒಂದು ನಾಯಿಗೆ ಇಷ್ಟೊಂದು ಯಾಕಮ್ಮ ತಲೆ ಕೆಡಿಸ್ಕೋತೀಯ' ಅಂದರು. ಮೂಕಪ್ರಾಣಿಗೆ ಹಿಂಸೆ ಕೊಟ್ಟುಬಿಟ್ಟೆ ಅನ್ನುವ ಕೊರಗು ಬಿಡುತ್ತಿಲ್ಲ. ನಡುರಾತ್ರಿ ಎದೆ ಹೊಡೆದುಕೊಂಡು ಎಚ್ಚರವಾಗುತ್ತದೆ. ಏನು ಮಾಡಲಿ?
ಹೆಸರು ಬೇಡ, ವಾಷಿಂಗ್ಟನ್ ರಾಜ್ಯ

ಉತ್ತರ: ನಾಯಿಯ ವಿಷಯವೆಂದು ನೀವು ಅಳುಕಬೇಕಾಗಿಲ್ಲ. ನೀವು ಕರೆದಲ್ಲಿಗೆಲ್ಲ ನಂಬಿ ಬರುವ ಜೀವ ಅದು. ಅದು ಹೆದರಿ ನಡುಗುವಾಗ ಕರುಳು ಚುರುಕ್ ಎನ್ನದಿದ್ದರೆ ಆಶ್ಚರ್ಯಪಡಬೇಕಿತ್ತು. ನಿಮ್ಮ ಅತ್ತೆಯವರು ಹಾಗೆ ಅಂದದ್ದು ನಿಮಗೆ ನಿದ್ದೆಯಿಲ್ಲ ಎಂಬ ಕಾಳಜಿಯಿಂದಲೇ ಇರಬಹುದು. ಹಾಗೆಂದು ನಿಮ್ಮ ಸಂಕಟ ಸಣ್ಣದಾಗುವುದಿಲ್ಲ. ದೋಣಿಯಲ್ಲದಿದ್ದರೂ ಘಾಟಿಯ ತಿರುವುಗಳಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಒದ್ದಾಡಿದ ನಾಯಿಯನ್ನು ನೋಡಿ ಹೀಗೆಯೇ ನೊಂದವರು ಇದನ್ನು ಓದುತ್ತಿರುತ್ತಾರೆ.

ಈಗ 'ಹಿಂಸೆ' ಎಂದಿರಲ್ಲ, ಅದನ್ನು ಸ್ವಲ್ಪ ನೋಡೋಣ. ಸೂಷಾ ದ್ವೀಪಕ್ಕೆ ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲಿನ ದಂಡೆಯಲ್ಲಿ ಕೆಂಚ ಕುಣಿದಾಡಿದ್ದು ಅದೇ ದೋಣಿಯಲ್ಲಿ ಬಂದು. ಅವನಿಗೆ ಆ ಪ್ರವಾಸವೆಲ್ಲ ಶಿಕ್ಷೆಯಾಗಿರಲಿಲ್ಲ, ಒಂದು ಮಧ್ಯಾಹ್ನ ಮಾತ್ರ ಆಗಿತ್ತು. ಆ ಮಧ್ಯಾಹ್ನಕ್ಕೂ ಕಾರಣವಿದೆ. ಬೇಸಿಗೆಯಲ್ಲಿ ಆ ಜಲಸಂಧಿಯ ಗಾಳಿ ಬೆಳಗಿನ ಹೊತ್ತು ಸಾಮಾನ್ಯವಾಗಿ ಮೆತ್ತಗಿರುತ್ತದೆ. ಹೊತ್ತು ಏರಿದಂತೆ ಪೆಸಿಫಿಕ್ ಕಡೆಯಿಂದ ಪಡುವಣ ಗಾಳಿ ಬಿರುಸಾಗುತ್ತದೆ. ಅದೇ ಸಮಯಕ್ಕೆ ಇಳಿತವೂ ಇದ್ದರೆ ನೀರು ಪಶ್ಚಿಮಕ್ಕೆ, ಗಾಳಿಗೆ ಎದುರಾಗಿ ಓಡುತ್ತದೆ. ಆಗ ಅಲೆಗಳು ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ಅನುಭವಸ್ಥರೂ ಆಗ ದಾಟಲು ಹಿಂದೆಮುಂದೆ ನೋಡುತ್ತಾರೆ. ನೀವು ಕ್ರೂರಿಯೂ ಅಲ್ಲ, ಕೆಂಚ ಪುಕ್ಕಲನೂ ಅಲ್ಲ. ಹೊರಟ ಹೊತ್ತು ಸರಿಯಿರಲಿಲ್ಲ, ಅಷ್ಟೇ. ಹೊತ್ತನ್ನೂ ದಾರಿಯನ್ನೂ ಬದಲಾಯಿಸಲು ಬರುತ್ತದೆ.

ನಿಮ್ಮ ಪತ್ರದಲ್ಲಿ ಕೆಂಚನ ಭಯದ ವಿವರ ಜೊಲ್ಲಿನವರೆಗೂ ಇದೆ. ನಿಮ್ಮ ಭಯಕ್ಕೆ ಸಿಕ್ಕಿದ್ದು ಒಂದೇ ಸಾಲು, ಅದನ್ನೂ ದೊಡ್ಡದಲ್ಲ ಎಂದು ಅಲ್ಲೇ ಒರೆಸಿದ್ದೀರಿ. ಆದರೆ ನಡುರಾತ್ರಿ ಎದೆ ಹೊಡೆದುಕೊಂಡು ಏಳುತ್ತಿರುವವರು ನೀವು. ನನಗೆ ಅನ್ನಿಸುವುದಿಷ್ಟು: 'ನನಗೆ ಭಯವಾಯಿತು' ಎಂದು ಹೇಳುವುದಕ್ಕಿಂತ 'ನಾಯಿಗೆ ಭಯವಾಯಿತು' ಎಂದು ಹೇಳುವುದು ನಿಮಗೆ ಸುಲಭವಾಗಿದೆ. ಇದು ತಪ್ಪೇನಲ್ಲ, ನಮ್ಮಲ್ಲಿ ಎಷ್ಟೋ ಜನ ಹೀಗೇ ಮಾಡುತ್ತೇವೆ. ಮಗುವಿಗೆ ಬೇಡ, ಅಪ್ಪನಿಗೆ ಆಗಲ್ಲ ಎಂದು ಬೇರೆಯವರ ಹೆಸರಿನಲ್ಲಿ ನಮ್ಮ ಮಾತು ಆಡಿಸುತ್ತೇವೆ. ಇದರಿಂದ ತೊಂದರೆಯೆಂದರೆ, ನಿಮ್ಮ ಯಜಮಾನರು ನಾಯಿಯ ಭಯಕ್ಕೆ ಪರಿಹಾರ ಹುಡುಕುತ್ತಾರೆ, ನಿಮ್ಮದು ಹಾಗೆಯೇ ಉಳಿಯುತ್ತದೆ. ಎರಡೂ ಭಯ ನಿಜ. ಎರಡಕ್ಕೂ ಬೇರೆ ಬೇರೆ ಆರೈಕೆ ಬೇಕು.

ಕೆಂಚನಿಂದ ಶುರು ಮಾಡೋಣ. ಮೊದಲು ಅವನನ್ನು ಪಶುವೈದ್ಯರಿಗೆ ತೋರಿಸಿ. ಜೊಲ್ಲು, ಮತ್ತೆ ಮತ್ತೆ ತುಟಿ ನೆಕ್ಕುವುದು, ಆಕಳಿಕೆ, ವಾಂತಿ, ಇವು ಭಯದಿಂದಲೂ ಬರುತ್ತವೆ, ಪ್ರಯಾಣದ ಹೊಟ್ಟೆತೊಳಸಿನಿಂದಲೂ ಬರುತ್ತವೆ. ಅವನಿಗೆ ಎರಡೂ ಆಗಿದ್ದಿರಬಹುದು. ಹೊಟ್ಟೆತೊಳಸಿಗೆ ನಾಯಿಗಳಿಗೆಂದೇ ಮಾರೋಪಿಟೆಂಟ್ ಎಂಬ ಮಾತ್ರೆಯಿದೆ, ವೈದ್ಯರು ಬರೆದುಕೊಟ್ಟರೆ ಮಾತ್ರ ಕೊಡಬೇಕು. ನಾವು ನುಂಗುವ ವಾಂತಿ ಮಾತ್ರೆಯನ್ನು ಅಂದಾಜಿನ ಮೇಲೆ ಅರ್ಧ ಮುರಿದು ಹಾಕುವ ಕೆಲಸ ಖಂಡಿತ ಬೇಡ. ಅಂದು ಅವನು ಅಲ್ಲೇ ಉಚ್ಚೆ ಮಾಡಿದ್ದನ್ನೂ ವೈದ್ಯರಿಗೆ ಹೇಳಿ. ಮನೆಯೊಳಗೆ ಮಾಡಬಾರದೆಂದು ಕಲಿತ ಎಷ್ಟೋ ನಾಯಿಗಳು ದೋಣಿಯಲ್ಲಿ ಗಂಟೆಗಟ್ಟಲೆ ತಡೆದುಕೊಂಡು ಕೂರುತ್ತವೆ. ಅದೂ ಒಂದು ಯಾತನೆಯೇ.

ಆಮೇಲೆ ಜಾಕೆಟ್ಟು. ಹಾವು ಕಡಿದವನಿಗೆ ಹಗ್ಗ ಕಂಡರೂ ಹೆದರಿಕೆ ಅನ್ನುವ ಹಾಗೆ, ಕೆಂಚನಿಗೆ ಆ ಕಿತ್ತಳೆ ಬಣ್ಣವೇ ಈಗ ಅಲೆ. ಈ ನಂಟನ್ನು ಮೆಲ್ಲಗೆ ಬಿಡಿಸಬೇಕು. ಜಾಕೆಟ್ಟನ್ನು ಹಾಲಿನ ಒಂದು ಮೂಲೆಯಲ್ಲಿ ನೆಲದ ಮೇಲಿಡಿ, ತೊಡಿಸಬೇಡಿ. ಅವನಿಗೆ ಪ್ರಾಣವಾದ ತಿನಿಸನ್ನು, ಬೇಯಿಸಿದ ಕೋಳಿಯ ಚೂರೋ ಚೀಸೋ, ಜಾಕೆಟ್ಟಿನಿಂದ ದೂರದಲ್ಲೇ ಹಾಕಿ. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ. ಅವನಾಗಿ ಮೂಸಿದ ಮೇಲೆ ಬೆನ್ನ ಮೇಲೆ ಒಂದು ಕ್ಷಣ ಇಟ್ಟು ತೆಗೆಯಿರಿ. ಇದು ಸಲೀಸಾದ ಮೇಲೆ ಡಾಕಿನ ತನಕ ವಾಕಿಂಗ್, ಆಮೇಲೆ ಕಟ್ಟಿಹಾಕಿದ ದೋಣಿಯಲ್ಲಿ ಸುಮ್ಮನೆ ಕೂರುವುದು, ಆಮೇಲೆ ಎಂಜಿನ್ ಸದ್ದು, ಕೊನೆಗೆ ಬಂದರಿನ ಒಳಗೇ ಒಂದು ಸಣ್ಣ ಸುತ್ತು. ತಿನಿಸು ಮುಟ್ಟದೆ ಮುಖ ತಿರುಗಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಜಾಕೆಟ್ಟಿನ ಹಿಡಿ ಹಿಡಿದು ಎತ್ತಿ ದೋಣಿಗೆ ಹಾಕಬೇಡಿ. ಆ ಹಿಡಿಯಿರುವುದು ನೀರಿಗೆ ಬಿದ್ದರೆ ಎತ್ತಿಕೊಳ್ಳಲು. ಹೆದರಿದ ನಾಯಿಯನ್ನು ಮುದ್ದಿಸಿದರೆ ಭಯ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನಾಗಿ ಹತ್ತಿರ ಬಂದರೆ ತಬ್ಬಿಕೊಳ್ಳಿ.

ಇನ್ನು ನಿಮ್ಮ ವಿಷಯ. 2022ರಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಾಯಿಗಳು ಮನುಷ್ಯರ ಬೆವರು ಮತ್ತು ಉಸಿರಿನ ವಾಸನೆಯಿಂದಲೇ ಅವರ ಒತ್ತಡವನ್ನು ಗುರುತಿಸಿದವು. ಇದನ್ನು ಓದಿ, 'ಅಯ್ಯೋ, ನನ್ನ ಭಯವೇ ಅವನಿಗೆ ತಗುಲಿತು' ಎಂದು ಇನ್ನೊಂದು ಕೊರಗು ಹಚ್ಚಿಕೊಳ್ಳಬೇಡಿ. ಅಂಥ ಅಲೆಗಳಿಗೆ ನೀವು ನಗುತ್ತಿದ್ದರೂ ಅವನು ಹೆದರುತ್ತಿದ್ದ. ನಾನು ಹೇಳುವುದು ಇಷ್ಟೇ, ನಿಮ್ಮ ಮನಸ್ಸು ಹಗುರಾಗುವುದು ಕೆಂಚನ ಚಿಕಿತ್ಸೆಯ ಒಂದು ಭಾಗ ಕೂಡ. ಘಟನೆ ನಡೆದು ತಿಂಗಳು ದಾಟಿದ ಮೇಲೂ ನಿದ್ದೆ ಕೆಡುತ್ತಿದ್ದರೆ, ಆ ದೃಶ್ಯ ತಾನಾಗಿ ಕಣ್ಮುಂದೆ ಬರುತ್ತಿದ್ದರೆ, ಆಪ್ತಸಲಹೆಗಾರರನ್ನು ಕಾಣುವುದು ಒಳ್ಳೆಯದು. ಅಮೆರಿಕದ ಅನೇಕ ಕಂಪನಿಗಳು ನೌಕರರಿಗೂ ಕುಟುಂಬದವರಿಗೂ ಕೆಲವು ಭೇಟಿಗಳನ್ನು ಉಚಿತವಾಗಿ ಕೊಡುತ್ತವೆ, ವಿಚಾರಿಸಿ. ಮನಸ್ಸು ತೀರಾ ಕುಸಿದ ರಾತ್ರಿಗಳಿಗೆ ಅಲ್ಲಿ 988 ಸಹಾಯವಾಣಿಯಿದೆ. ಕರ್ನಾಟಕದಲ್ಲಿರುವ ಓದುಗರು 14416ಕ್ಕೆ ಕರೆ ಮಾಡಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಯಜಮಾನರ ಬಗ್ಗೆ ಒಂದು ಮಾತು. ಅಂಥ ಗಾಳಿಯಲ್ಲಿ ಚುಕ್ಕಾಣಿ ಹಿಡಿದವರಿಗೆ ಹೆಂಡತಿಯ ಕೈ ಹಿಡಿಯಲು ಇನ್ನೊಂದು ಕೈ ಇರುವುದಿಲ್ಲ. 'ಏನೂ ಆಗಲ್ಲ' ಎಂದು ಕೂಗಿದ್ದರಲ್ಲಿ ಅರ್ಧ ತಮಗೇ ಹೇಳಿಕೊಂಡ ಧೈರ್ಯವಿರಬಹುದು. ಆದರೆ ಮನೆಗೆ ಬಂದ ಮೇಲೂ ಅದೇ ಮಾತು ಸಾಕಾಗುವುದಿಲ್ಲ. ಸಂಜೆ ಕಾಫಿ ಹೊತ್ತಿನಲ್ಲಿ, ಕೆಂಚನ ಸುದ್ದಿಯನ್ನೇ ತೆಗೆಯದೆ, 'ಆವತ್ತು ನನಗೆ ಜೀವ ಹೋಗುತ್ತೆ ಅನ್ನಿಸಿತ್ತು ಕಣ್ರೀ' ಎಂದು ಹೇಳಿಬಿಡಿ. ತಪ್ಪು ಹೊರಿಸಬೇಡಿ, ವಿವರಣೆಯನ್ನೂ ಕೇಳಬೇಡಿ. ಅವರಿಗೆ ಆವತ್ತು ಹೇಗಿತ್ತು ಎಂದು ಕೇಳಿ.

ಅದಾದ ಮೇಲೆ ಇಬ್ಬರೂ ಕೂತು ಒಂದೆರಡು ಕಟ್ಟುಪಾಡು ಮಾಡಿಕೊಳ್ಳಿ. ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಆ ದಿನ ದೋಣಿ ಬಿಡುವುದಿಲ್ಲ. ಮನೆಗೆ ಬರುವ ದಿನವನ್ನು ಎರಡು ದಿನ ಹಿಂದೆಮುಂದೆ ಮಾಡಿಕೊಳ್ಳುವಷ್ಟು ರಜೆ ಉಳಿಸಿಕೊಂಡೇ ಹೊರಡುವುದು. ಸೋಮವಾರ ಆಫೀಸಿಗೆ ಹೋಗಬೇಕೆಂಬ ಧಾವಂತವೇ ಎಷ್ಟೋ ಜನರನ್ನು ಕೆಟ್ಟ ಗಾಳಿಯಲ್ಲಿ ನೀರಿಗಿಳಿಸುತ್ತದೆ. ದಾರಿಯೂ ಒಂದೇ ಅಲ್ಲ. ಬೆಳಗಿನ ತಂಪಿನಲ್ಲಿ ರೊಸಾರಿಯೊ ಜಲಸಂಧಿ ದಾಟಿ, ಲಾ ಕಾನರ್ ಊರಿನ ಪಕ್ಕದ ಸ್ವಿನೊಮಿಶ್ ಕಾಲುವೆ ಹಿಡಿದು, ವಿಡ್ಬಿ ದ್ವೀಪದ ಮರೆಯಲ್ಲಿ ಸರಟೋಗ ಪ್ಯಾಸೇಜಿನಲ್ಲಿ ದಕ್ಷಿಣಕ್ಕೆ ಬಂದರೆ ಆ ದೊಡ್ಡ ಜಲಸಂಧಿಯ ಸಹವಾಸವೇ ತಪ್ಪುತ್ತದೆ. ಅದೂ ಬೇಡವೆನಿಸಿದರೆ ನೀವು ಮತ್ತು ಕೆಂಚ ಫ್ರೈಡೇ ಹಾರ್ಬರಿನಿಂದ ಅನಕಾರ್ಟಿಸ್‌ಗೆ ಸರ್ಕಾರಿ ಫೆರಿ ಹತ್ತಿ. ಹಗ್ಗ ಹಾಕಿದ ನಾಯಿಗೆ ಅದರಲ್ಲಿ ಅಡ್ಡಿಯಿಲ್ಲ. ದೋಣಿಯನ್ನು ಅವರು ಸ್ನೇಹಿತರೊಬ್ಬರ ಜೊತೆ ತರಲಿ. ಬೇರೆ ಬೇರೆಯಾಗಿ ಮನೆ ಸೇರಿದರೆ ಪ್ರವಾಸ ಕೆಟ್ಟಂತೆ ಆಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೆಂಚ ದೋಣಿ ಬೇಡವೆಂದರೆ ಅದನ್ನೂ ಒಪ್ಪಿಕೊಳ್ಳಿ. ಅವನಿಗೆ ಒಗ್ಗಿದವರ ಮನೆಯಲ್ಲಿ ಅವನು ಆರಾಮವಾಗಿರುತ್ತಾನೆ, ನೀವು ಹೋಗಿ ಬರಬಹುದು. ಈ ಸೆಪ್ಟೆಂಬರಿಗಂತೂ ಅವನನ್ನು ಕರೆದೊಯ್ಯುವ ಯೋಚನೆ ಬೇಡ. ಮೇಲಿನ ಹೆಜ್ಜೆಗಳಿಗೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಈ ವಾರ ಎರಡು ಕೆಲಸ ಮಾಡಿ, ಸಾಕು. ಪಶುವೈದ್ಯರ ಅಪಾಯಿಂಟ್‌ಮೆಂಟ್ ಒಂದು, ನಿಮ್ಮವರೊಡನೆ ಮಾತು ಇನ್ನೊಂದು. ಎರಡನೆಯದನ್ನು ಮೊದಲು ಮಾಡಿ.